ಸ್ಕೈರಿಮ್: ನಾಡು ಮೊದಲು, ನಾಯಕ ಆಮೇಲೆ

ಫ್ಯಾಂಟಸಿ ಆರ್‌ಪಿಜಿಗಳಲ್ಲಿ, ಅಂದರೆ ಒಂದು ಪಾತ್ರವನ್ನು ತೊಟ್ಟು ಆಡುವ ವಿಡಿಯೊ ಗೇಮ್‌ಗಳಲ್ಲಿ, ನಾಯಕರು ಎರಡು ಬಗೆ. 2015ರ ವಿಚರ್ 3ರ ಗೆರಾಲ್ಟ್‌ನ ಹಾಗೆ ಹೆಸರು, ಹಳೆಯ ಪ್ರೀತಿ, ಹಳೆಯ ಹಗೆಗಳನ್ನೆಲ್ಲ ಹೊತ್ತುಕೊಂಡೇ ಬರುವವರು ಒಂದು ಬಗೆ. ಆಡುವವರು ಮೂಗಿನ ಉದ್ದದಿಂದ ಹಿಡಿದು ಎಲ್ಲವನ್ನೂ ತಾವೇ ಕಟ್ಟಿಕೊಳ್ಳಬೇಕಾದವರು ಇನ್ನೊಂದು ಬಗೆ. 2011ರ ನವೆಂಬರ್ 11ರಂದು ಬಂದ ಸ್ಕೈರಿಮ್ ಎರಡನೆಯ ಬಗೆಯದು. ಇಷ್ಟು ವರ್ಷ ಆಡಿದ ಮೇಲೂ ಈ ಗೇಮ್ ಹಳತೆನಿಸದಿರುವುದಕ್ಕೆ ಕಾರಣ ಅದರ ನಾಯಕ ಅಲ್ಲ, ಅದರ ನಾಡು. ಹಾಗಾಗಿ ನಾಯಕನನ್ನು ಆರಿಸುವಾಗಲೂ ನಾಡನ್ನೇ ಮೊದಲು ನೋಡಬೇಕು. ಹೆಚ್ಚಿನ ಗೈಡ್‌ಗಳು ಅಂಕಿಗಳಿಂದ ಶುರು ಮಾಡುತ್ತವೆ, ಅಲ್ಲೇ ಎಡವುತ್ತವೆ.

ಅಂಕಿಗಳ ಬಲ ಎಷ್ಟೆಂದು ನೋಡೋಣ. ಒಟ್ಟು ಹತ್ತು ಕುಲಗಳಿವೆ. ಪ್ರತಿ ಕುಲಕ್ಕೂ ಒಂದು ಕೌಶಲದಲ್ಲಿ 10 ಅಂಕ, ಇನ್ನೈದರಲ್ಲಿ 5 ಅಂಕ ಹೆಚ್ಚು. ಎಲ್ಲ ಕೌಶಲಗಳೂ 15ರಿಂದ ಶುರುವಾಗುವುದರಿಂದ ಈ ವ್ಯತ್ಯಾಸ ಕೆಲವೇ ಗಂಟೆಗಳಲ್ಲಿ ಕರಗಿಹೋಗುತ್ತದೆ. ಹೈ ಎಲ್ಫ್‌ಗೆ ಹೆಚ್ಚಾಗಿ ಸಿಗುವ 50 ಮ್ಯಾಜಿಕಾ (ಮಂತ್ರ ಹಾಕಲು ಬೇಕಾದ ಶಕ್ತಿ) ಅಂದರೆ ಐದು ಲೆವೆಲ್‌ಗಳ ಗಳಿಕೆ, ಅಷ್ಟೇ. ಕೊನೆಯವರೆಗೂ ಕೈಹಿಡಿಯುವುದು ಬ್ರೆಟನ್‌ನ ಶೇ. 25 ಮಾಯಾ ನಿರೋಧ, ನಾರ್ಡ್‌ನ ಶೇ. 50 ಹಿಮ ನಿರೋಧ, ಡಾರ್ಕ್ ಎಲ್ಫ್‌ನ ಶೇ. 50 ಬೆಂಕಿ ನಿರೋಧದಂಥವು ಮಾತ್ರ. ಓರ್ಕ್‌ನ ಆವೇಶವನ್ನೂ ಸೇರಿಸಬಹುದು: ದಿನಕ್ಕೊಮ್ಮೆ, 60 ಸೆಕೆಂಡ್, ಕೊಡುವ ಪೆಟ್ಟು ಇಮ್ಮಡಿ, ತಿನ್ನುವ ಪೆಟ್ಟು ಅರ್ಧ.

ಅಂಕಿಗಳು ಮಾಸಿದ ಮೇಲೆ ಉಳಿಯುವುದು ನಾಡು ನಾಯಕನನ್ನು ಹೇಗೆ ಕಾಣುತ್ತದೆ ಎಂಬುದು. ಈ ವಿಷಯದಲ್ಲಿ ನನ್ನ ಮೊದಲ ಆಯ್ಕೆ ಡಾರ್ಕ್ ಎಲ್ಫ್. ರೆಡ್ ಮೌಂಟನ್ ಜ್ವಾಲಾಮುಖಿ ಸಿಡಿದ ಮೇಲೆ ನೆಲೆ ಕಳೆದುಕೊಂಡು ಬಂದ ಜನ ಇವರು. ವಿಂಡ್‌ಹೆಲ್ಮ್‌ನಲ್ಲಿ ಗ್ರೇ ಕ್ವಾರ್ಟರ್ ಎಂಬ ಇಕ್ಕಟ್ಟಾದ ಕೇರಿಯಲ್ಲಿ ಬದುಕುತ್ತಾರೆ. ಆ ಊರಿನ ಬಾಗಿಲು ದಾಟಿದ ಕೂಡಲೇ ಇಬ್ಬರು ನಾರ್ಡ್‌ಗಳು ಒಬ್ಬ ಡಾರ್ಕ್ ಎಲ್ಫ್ ಹೆಂಗಸನ್ನು ಗದರಿಸುತ್ತಿರುವುದು ಕಾಣುತ್ತದೆ. ನೋಡುತ್ತಿರುವ ನಾಯಕ ಅದೇ ಕುಲದವನಾದರೆ ಆ ದೃಶ್ಯದ ಭಾರವೇ ಬೇರೆ. ಆಮೇಲೆ ನಾರ್ಡ್ ಬಂಡುಕೋರರಾದ ಸ್ಟಾರ್ಮ್‌ಕ್ಲೋಕ್‌ಗಳ ಪಕ್ಷ ಸೇರಬೇಕೋ ಬೇಡವೋ ಎಂಬ ಪ್ರಶ್ನೆ ಬರೀ ಕ್ವೆಸ್ಟ್ ಆಗಿ ಉಳಿಯುವುದಿಲ್ಲ.

ಎರಡನೆಯದು ಓರ್ಕ್. ಬೇರೆ ಕುಲದವರಾದರೆ ಓರ್ಕ್ ಕೋಟೆಗಳ ಬಾಗಿಲಲ್ಲೇ ತಡೆಯುತ್ತಾರೆ, ಫೋರ್ಜ್‌ಮಾಸ್ಟರ್ಸ್ ಫಿಂಗರ್ಸ್ ಎಂಬ ಕೈಗವಸುಗಳನ್ನು ಹುಡುಕಿ ತಂದುಕೊಟ್ಟರಷ್ಟೇ ಪ್ರವೇಶ. ಓರ್ಕ್ ನಾಯಕ ಸೀದಾ ಒಳಗೆ ನಡೆಯಬಹುದು. ಸಣ್ಣ ಸಂಗತಿ, ಆದರೆ 'ನೀನು ನಮ್ಮವನು' ಎಂದು ಗೇಮ್ ಬಾಯಿಬಿಟ್ಟು ಹೇಳುವ ಅಪರೂಪದ ಗಳಿಗೆ ಅದು.

ಗೇಮ್‌ನ ದೊಡ್ಡ ಕೊರತೆಯೂ ಇಲ್ಲೇ ಇದೆ. ಬೆಕ್ಕಿನ ರೂಪದ ಖಾಜೀಟ್ ವರ್ತಕರು ಊರ ಗೋಡೆಯ ಹೊರಗೇ ಡೇರೆ ಹಾಕಬೇಕು, ಹಲ್ಲಿಯ ರೂಪದ ಆರ್ಗೋನಿಯನ್ನರು ವಿಂಡ್‌ಹೆಲ್ಮ್‌ನ ಹಡಗುಕಟ್ಟೆಯಲ್ಲೇ ಮಲಗಬೇಕು. ಆದರೆ ನಿಮ್ಮ ಖಾಜೀಟ್ ಅಥವಾ ಆರ್ಗೋನಿಯನ್ ನಾಯಕನನ್ನು ಯಾವ ಕಾವಲುಗಾರನೂ ತಡೆಯುವುದಿಲ್ಲ. ಮಾರ್ಕಾರ್ತ್ ಸುತ್ತಮುತ್ತಲಿನ ಫೋರ್ಸ್‌ವೋರ್ನ್ ಎಂಬ ಬಂಡುಕೋರರು ಬ್ರೆಟನ್ ರಕ್ತದವರೇ, ಆದರೂ ಬ್ರೆಟನ್ ನಾಯಕನನ್ನು ಕಂಡಲ್ಲೇ ಬಾಣ ಬಿಡುತ್ತಾರೆ. ಬರೆದಿಟ್ಟ ಇತಿಹಾಸ ಇಷ್ಟು ಸಮೃದ್ಧವಾಗಿರುವಾಗ ಅದು ನಾಯಕನ ಮೈಗೆ ತಾಗದೆ ಹೋಗುವುದು ನೋವಿನ ಸಂಗತಿ. ಮಂತ್ರ ಹಾಕುವುದನ್ನು ಸರಿಯಾಗಿ ಕಲಿಯದವನೂ ವಿಂಟರ್‌ಹೋಲ್ಡ್ ವಿದ್ಯಾಲಯದ ಮುಖ್ಯಸ್ಥನಾಗಬಹುದು ಎಂಬುದೂ ಇದೇ ರೋಗದ ಲಕ್ಷಣ.

ಹಾಗಾಗಿ ನಾಯಕನಿಗೆ ಮಿತಿ ಹಾಕುವ ಕೆಲಸ ಆಡುವವರದೇ. ಹಾಕದಿದ್ದರೆ ಯಾವ ಕುಲದಿಂದ ಹೊರಟರೂ ಕೊನೆಗೆ ಅಡಗಿ ಕೂತು ಬಾಣ ಬಿಡುವವನಾಗಿ ಮುಗಿಯುತ್ತದೆ. ಕಾರಣ ಸರಳ: ಅಡಗಿ ಬಿಟ್ಟ ಬಾಣಕ್ಕೆ ಮೊದಲಿನಿಂದಲೇ ಎರಡು ಪಟ್ಟು ಪೆಟ್ಟು, ಸ್ನೀಕ್ (ಅಡಗುವ ಕೌಶಲ) 40ರಲ್ಲಿ ಡೆಡ್ಲಿ ಏಮ್ ಪರ್ಕ್ (ಲೆವೆಲ್ ಏರಿದಾಗ ಆರಿಸಿಕೊಳ್ಳುವ ವಿಶೇಷ ಬಲ) ತೆಗೆದುಕೊಂಡರೆ ಮೂರು ಪಟ್ಟು. ಗುರಿ ತಪ್ಪಿದರೂ ಶತ್ರು ಸ್ವಲ್ಪ ಹೊತ್ತು ಹುಡುಕಾಡಿ ಮರೆತುಬಿಡುತ್ತಾನೆ. ಅಪಾಯವೇ ಇಲ್ಲದ ದಾರಿ ಎದುರಿಗಿರುವಾಗ ಕೈ ಅತ್ತಲೇ ಹೋಗುತ್ತದೆ. ಅಡಗುವುದೇ ಇಷ್ಟವಾದರೆ ಬಿಲ್ಲನ್ನು ಮಾರಿ ಕಠಾರಿ ಹಿಡಿಯಿರಿ. ಸ್ನೀಕ್ 50ರ ಅಸಾಸಿನ್ಸ್ ಬ್ಲೇಡ್ ಪರ್ಕ್‌ನಿಂದ ಪೆಟ್ಟು 15 ಪಟ್ಟಾಗುತ್ತದೆ, ಆದರೆ ಶತ್ರುವಿನ ಬೆನ್ನಿನವರೆಗೂ ಸದ್ದಿಲ್ಲದೆ ನಡೆದು ಹೋಗಬೇಕು. ಆಟ ಇರುವುದು ಆ ನಡಿಗೆಯಲ್ಲಿ.

ನನ್ನ ಲೆಕ್ಕ ಹೀಗೆ: ಒಂದು ಆಯುಧ, ಒಂದು ಬಗೆಯ ಕವಚ, ಒಂದು ಮಾಯಾವಿದ್ಯೆ, ಒಂದು ಕಸುಬು. 18 ಕೌಶಲಗಳಲ್ಲಿ ಈ ನಾಲ್ಕು ಸಾಕು. 30ನೇ ಲೆವೆಲ್‌ಗೆ ಸಿಗುವುದು 29 ಪರ್ಕ್. ನಾಲ್ಕಕ್ಕೆ ಹಂಚಿದರೆ ನಾಯಕನಿಗೆ ಒಂದು ರೂಪ ಬರುತ್ತದೆ, ಎಂಟಕ್ಕೆ ಹಂಚಿದರೆ ಎಲ್ಲವೂ ಅರೆಬರೆ. ಇನ್ನೊಂದು ಎಚ್ಚರಿಕೆ: ನಿಮ್ಮ ಲೆವೆಲ್ ಏರಿದಂತೆ ಶತ್ರುಗಳೂ ಬಲಿಯುತ್ತಾರೆ. ಜೇಬುಗಳ್ಳತನ, ಬೀಗ ತೆಗೆಯುವುದು, ಮಾತುಗಾರಿಕೆ ಇವನ್ನೇ ಬೇಗ ಏರಿಸಿದರೆ ಲೆವೆಲ್ ಮೇಲೇರುತ್ತದೆ, ಕತ್ತಿಯ ಬಲ ಅಲ್ಲೇ ಇರುತ್ತದೆ. ಆಗ ನಿನ್ನೆ ಸುಲಭವಾಗಿದ್ದ ಗುಹೆ ಇವತ್ತು ಕಬ್ಬಿಣದ ಕಡಲೆ.

ಮಂತ್ರವಾದಿಯ ದಾರಿ ಹಿಡಿಯುವವರಿಗೆ ಒಂದು ಮಾತು. ಡಿಸ್ಟ್ರಕ್ಷನ್ ಎಂಬ ದಾಳಿಮಂತ್ರಗಳ ಕೌಶಲ ಏರಿದರೆ ಮಂತ್ರದ ಖರ್ಚು ಇಳಿಯುತ್ತದೆಯೇ ಹೊರತು ಪೆಟ್ಟು ಹೆಚ್ಚುವುದಿಲ್ಲ. ಪೆಟ್ಟು ಹೆಚ್ಚಿಸುವುದು ಪರ್ಕ್ ಮತ್ತು ಆಲ್ಕೆಮಿಯ ಮದ್ದು. ಲೆಜೆಂಡರಿ ಕಷ್ಟಮಟ್ಟದಲ್ಲಿ ನಿಮ್ಮ ಪೆಟ್ಟು ಕಾಲುಭಾಗಕ್ಕೆ ಇಳಿದು ಶತ್ರುವಿನದು ಮೂರು ಪಟ್ಟಾಗುವುದರಿಂದ ಬರೀ ಬೆಂಕಿ ಉಗುಳುವ ನಾಯಕ ಅಲ್ಲಿ ಬಾಳುವುದಿಲ್ಲ. ಎನ್‌ಚಾಂಟಿಂಗ್ (ವಸ್ತುಗಳಿಗೆ ಮಾಯಾಬಲ ತುಂಬುವ ಕೌಶಲ) 100 ಮಾಡಿ ಶಿರಸ್ತ್ರಾಣ, ಅಂಗಿ, ಉಂಗುರ, ಸರ ನಾಲ್ಕಕ್ಕೂ ಶೇ. 25ರಂತೆ ಖರ್ಚಿನ ಕಡಿತ ಹಾಕಿದರೆ ಮಂತ್ರಗಳು ಪೂರಾ ಪುಕ್ಕಟೆ. ಅದು ಕೆಲಸ ಮಾಡುತ್ತದೆ ನಿಜ. ಆದರೆ ಮ್ಯಾಜಿಕಾ ಪಟ್ಟಿಗೆ ಅರ್ಥವೇ ಇಲ್ಲದಂತಾಗುತ್ತದೆ, ನನಗೆ ಇಷ್ಟವಿಲ್ಲ. ಎಕ್ಸ್‌ಪರ್ಟ್ ಮಟ್ಟ ಸಾಕು: ನಿಮ್ಮ ಪೆಟ್ಟು ಮುಕ್ಕಾಲು, ಅವರದು ಒಂದೂವರೆ.

ಇನ್ನು ನಾಡು. ಒಂಬತ್ತು ಸೀಮೆಗಳು, ಒಂದರಂತೆ ಇನ್ನೊಂದಿಲ್ಲ. ವೈಟ್‌ರನ್ ಗಾಳಿ ಬೀಸುವ ಹುಲ್ಲು ಬಯಲು. ರಿಫ್ಟ್‌ನಲ್ಲಿ ಬರ್ಚ್ ಮರಗಳ ಎಲೆಗಳು ಸದಾ ಹೊಂಬಣ್ಣ. ಈಸ್ಟ್‌ಮಾರ್ಚ್‌ನಲ್ಲಿ ನೆಲದಿಂದಲೇ ಬಿಸಿನೀರು ಹೊಗೆಯಾಡುತ್ತದೆ. ಯಾಲ್‌ಮಾರ್ಚ್ ಜೌಗು, ಸಂಜೆ ಮಂಜು ಇಳಿದರೆ ದಾರಿಯೇ ಕಾಣದು. ಇವೆಲ್ಲ ಅನುಭವಕ್ಕೆ ಬರಬೇಕಾದರೆ ಫಾಸ್ಟ್ ಟ್ರಾವೆಲ್, ಅಂದರೆ ನಕ್ಷೆಯಲ್ಲಿ ಜಾಗ ಒತ್ತಿ ನೇರ ಅಲ್ಲಿಗೆ ಹಾರುವುದನ್ನು ಬಿಡಬೇಕು. ದೊಡ್ಡ ನಗರಗಳ ಬಾಗಿಲಲ್ಲಿ ಕುದುರೆಗಾಡಿ ಸಿಗುತ್ತದೆ, ದೊಡ್ಡ ನಗರಕ್ಕೆ 20 ಚಿನ್ನ, ಸಣ್ಣ ಊರಿಗೆ 50. ಮೊದಲ ಪಯಣಕ್ಕೆ ವೈಟ್‌ರನ್‌ನಿಂದ ಐವರ್‌ಸ್ಟೆಡ್, ಅಲ್ಲಿಂದ ರಿಫ್ಟನ್, ಆಮೇಲೆ ಬಡಗಣ ವಿಂಡ್‌ಹೆಲ್ಮ್‌ಗೆ ಕಾಲುದಾರಿ ಹಿಡಿಯಿರಿ, ಹಸಿರಿನಿಂದ ಹೊನ್ನಿಗೆ, ಹೊನ್ನಿನಿಂದ ಹಿಮಕ್ಕೆ ನೆಲ ಬದಲಾಗುತ್ತಾ ಹೋಗುತ್ತದೆ. (ಐವರ್‌ಸ್ಟೆಡ್‌ನಿಂದ ಬೆಟ್ಟದ ಮೇಲಿನ ಹೈ ಹ್ರೋತ್‌ಗರ್ ಮಠಕ್ಕೆ 7,000 ಮೆಟ್ಟಿಲು ಎನ್ನುತ್ತಾರೆ. ಎಣಿಸಿದರೆ 800 ಕೂಡ ಇಲ್ಲ, ಆದರೂ ಹತ್ತುವಾಗ ನಂಬಿಕೆ ಬರುವಂತೆ ಕಟ್ಟಿದ್ದಾರೆ.)

ಗೇಮ್‌ನ ಮರುಬಿಡುಗಡೆಯಾದ ಸ್ಪೆಷಲ್ ಎಡಿಷನ್ ಇದ್ದರೆ ಸರ್ವೈವಲ್ ಮೋಡ್ ಹಾಕಿ. ಫಾಸ್ಟ್ ಟ್ರಾವೆಲ್ ಬಂದ್, ಗಾಯ ತಾನಾಗಿ ಮಾಯುವುದಿಲ್ಲ, ಮಲಗಿದರಷ್ಟೇ ಲೆವೆಲ್ ಏರುತ್ತದೆ. ಚಳಿ ಹೆಲ್ತ್ ಅನ್ನು, ಹಸಿವು ಸ್ಟ್ಯಾಮಿನಾವನ್ನು, ದಣಿವು ಮ್ಯಾಜಿಕಾವನ್ನು ಕುಗ್ಗಿಸುತ್ತದೆ. ಹೊರುವ ಭಾರವೂ ಕಡಿಮೆ, ಹಾಗಾಗಿ ಮೊದಲ ಹತ್ತು ಲೆವೆಲ್‌ಗಳಲ್ಲಿ ಮೂರನ್ನಾದರೂ ಸ್ಟ್ಯಾಮಿನಾಕ್ಕೆ ಕೊಡಿ, ಪ್ರತಿ ಬಾರಿಯೂ ಹೊರೆಗೆ 5 ಅಂಕ ಸೇರುತ್ತದೆ.

ತಾಂತ್ರಿಕವಾಗಿ ಕಾಡುವುದು ಮುಖ್ಯವಾಗಿ ಮೂರು. ಗೇಮ್‌ನ ಭೌತಶಾಸ್ತ್ರ ಫ್ರೇಮ್‌ರೇಟ್‌ಗೆ ಕಟ್ಟುಬಿದ್ದಿದೆ. 144 ಹರ್ಟ್ಸ್ ಪರದೆಯಲ್ಲಿ ಹಾಗೇ ಬಿಟ್ಟರೆ ಮನೆಯೊಳಗೆ ಕಾಲಿಟ್ಟ ಕೂಡಲೇ ತಟ್ಟೆ ಬಟ್ಟಲುಗಳು ಹಾರಾಡುತ್ತವೆ, ಗ್ರಾಫಿಕ್ಸ್ ಡ್ರೈವರ್‌ನಲ್ಲಿ 60ಕ್ಕೆ ಮಿತಿ ಹಾಕಿ. ಮಾಡ್‌ಗಳನ್ನು (ಗೇಮ್ ಅನ್ನು ಬದಲಿಸಲು ಆಡುವವರೇ ಮಾಡಿದ ಸೇರ್ಪಡೆಗಳನ್ನು) ಆಟದ ನಡುವೆ ಕಿತ್ತುಹಾಕಬೇಡಿ, ಅವುಗಳ ಸ್ಕ್ರಿಪ್ಟ್ ಸೇವ್ ಫೈಲ್‌ನಲ್ಲೇ ಉಳಿದು ಮುಂದೆಂದೋ ಕೈಕೊಡುತ್ತದೆ. ಹಲವು ಮಾಡ್‌ಗಳಿಗೆ ಬೇಕಾಗುವ ಎಸ್‌ಕೆಎಸ್‌ಇ (ಸ್ಕೈರಿಮ್ ಸ್ಕ್ರಿಪ್ಟ್ ಎಕ್ಸ್‌ಟೆಂಡರ್) ಬಳಸುತ್ತಿದ್ದರೆ ಸ್ಟೀಮ್‌ನಲ್ಲಿ ಗೇಮ್ ತೆರೆದಾಗ ಮಾತ್ರ ಅಪ್‌ಡೇಟ್ ಆಗುವಂತೆ ಇಟ್ಟುಕೊಂಡು ಸದಾ ಎಸ್‌ಕೆಎಸ್‌ಇ ಲೋಡರ್‌ನಿಂದಲೇ ಶುರು ಮಾಡಿ, ಹೊಸ ಆವೃತ್ತಿ ಬಂದಾಗಲೆಲ್ಲ ಹಳೆಯ ಎಸ್‌ಕೆಎಸ್‌ಇ ನಿಂತುಹೋಗುತ್ತದೆ.

ಎರಡನೇ ನಾಯಕನಿಗೆ, ಗೇಮ್ ಎಂದಿನಂತೆ ಶುರುವಾಗುವ ಹೆಲ್ಗೆನ್‌ನ ಬಂಡಿ ಬೇಡವೆನಿಸಿದರೆ ಆಲ್ಟರ್ನೇಟ್ ಸ್ಟಾರ್ಟ್ ಮಾಡ್ ಇದೆ. ಹೊಸ ಆಟ ಶುರು ಮಾಡಿದಾಗ ಪಾಳುಬಿದ್ದ ಸೆರೆಮನೆಯಲ್ಲಿ ಕಣ್ಣು ತೆರೆಯುತ್ತದೆ. ಅಲ್ಲಿನ ಮಾರಾ ದೇವಿಯ ವಿಗ್ರಹದ ಮುಂದೆ ನಾಯಕನ ಹಿನ್ನೆಲೆ ಆರಿಸಿ, ಪಕ್ಕದ ಹಾಸಿಗೆಯಲ್ಲಿ ಮಲಗಿದರೆ ಸಾಕು. ಹಡಗಿನಿಂದ ಇಳಿದು ಬಂದ ಡಾರ್ಕ್ ಎಲ್ಫ್‌ಗೆ ಇದಕ್ಕಿಂತ ಒಳ್ಳೆಯ ಆರಂಭ ಸಿಗದು. ಡ್ರ್ಯಾಗನ್‌ಗಳ ಕಥೆ ಬೇಕೆನಿಸಿದ ದಿನ ಹೆಲ್ಗೆನ್‌ಗೆ ನಡೆದು ಹೋದರೆ ಅದು ಅಲ್ಲೇ ಕಾದಿರುತ್ತದೆ.