ಲಾಗ್‌ರೊಟೇಟ್: ನಮ್ಮ ಪ್ರಾಕ್ಸಿ ಸರ್ವರಿಗೆ ಉಸಿರಾಡಲು ಜಾಗ ಕೊಟ್ಟಿತು

ಶಿವಮೊಗ್ಗದ ಒಂದು ಕಾಲೇಜಿನಲ್ಲಿ ನಾನು ಲ್ಯಾಬ್ ನೋಡಿಕೊಳ್ಳುತ್ತೇನೆ. ಸುಮಾರು 200 ಕಂಪ್ಯೂಟರುಗಳ ಇಂಟರ್ನೆಟ್ಟೆಲ್ಲ ಒಂದೇ ಉಬುಂಟು (ಲಿನಕ್ಸ್) ಸರ್ವರಿನ ಸ್ಕ್ವಿಡ್ ಪ್ರಾಕ್ಸಿಯಿಂದ, ಅಂದರೆ ಎಲ್ಲರ ಪರವಾಗಿ ಪುಟಗಳನ್ನು ತಂದುಕೊಡುವ ಪ್ರೋಗ್ರಾಮಿನಿಂದ, ಹೋಗುತ್ತದೆ. ಒಬ್ಬರು ಒಂದು ಪುಟ ತೆರೆದರೆ ಸಾಕು, ಯಾರು ಏನು ತೆರೆದರು ಅಂತ ಬರೆದಿಡುವ ಆಕ್ಸೆಸ್ ಲಾಗ್‌ನಲ್ಲಿ ಹತ್ತಾರು ಸಾಲು ಸೇರುತ್ತವೆ.

ಆನ್‌ಲೈನ್ ಪರೀಕ್ಷೆಯ ಹಿಂದಿನ ಸಂಜೆ ನೋಡಿದರೆ ಡಿಸ್ಕ್ 97% ತುಂಬಿತ್ತು. ಆ ಲಾಗ್ ಫೈಲ್ ಒಂದೇ 31 ಜಿಬಿ! ಗಾಬರಿಯಲ್ಲಿ ಅಳಿಸಿಬಿಟ್ಟೆ. ಆದರೂ ಡಿಸ್ಕ್ ಎಷ್ಟು ತುಂಬಿದೆ ಅಂತ ತೋರಿಸುವ ಡಿಎಫ್ ಕಮಾಂಡ್ ಕೊಟ್ಟರೆ ಅದೇ 97%. ಫೈಲಿನ ಹೆಸರು ಹೋಗಿತ್ತು, ಆದರೆ ಸ್ಕ್ವಿಡ್ ಅದನ್ನು ತೆರೆದೇ ಇಟ್ಟುಕೊಂಡಿತ್ತು. ಸ್ಕ್ವಿಡ್ ರೀಸ್ಟಾರ್ಟ್ ಮಾಡಿದ ಮೇಲೇ ಜಾಗ ವಾಪಸ್ ಬಂದದ್ದು. ಆದರೆ ಒಂದು ತಿಂಗಳ ದಾಖಲೆ ಹೋಯಿತು.

ಆಮೇಲೆ ಲಾಗ್‌ರೊಟೇಟ್ ಬಳಸತೊಡಗಿದೆ. ಲಾಗ್ ಫೈಲಿನ ಹೆಸರು ಬದಲಿಸಿ ಪಕ್ಕಕ್ಕಿಟ್ಟು, ಹೊಸದು ಶುರುಮಾಡಿ, ತೀರಾ ಹಳೆಯವನ್ನು ಅಳಿಸುವ ಪ್ರೋಗ್ರಾಂ ಇದು. ಉಬುಂಟುವಿನಲ್ಲಿ ಅದು ಮೊದಲೇ ಇರುತ್ತದೆ, ದುಡ್ಡೂ ಇಲ್ಲ. ಉಬುಂಟುವಿನ ಆಪ್ಟ್ ಕಮಾಂಡಿನಿಂದ ಸ್ಕ್ವಿಡ್ ಹಾಕಿದವರಿಗೆ ಲಾಗ್‌ರೊಟೇಟ್ ಸೆಟ್ಟಿಂಗೂ ಜೊತೆಗೇ ಬರುತ್ತದೆ. ನಮ್ಮದು ಸೋರ್ಸಿನಿಂದ ಕಂಪೈಲ್ ಮಾಡಿದ ಸ್ಕ್ವಿಡ್, ಹಾಗಾಗಿ ನಾನೇ ಬರೆದೆ. ದಿನಕ್ಕೊಂದು ಫೈಲ್, 30 ಹಳೆಯವನ್ನು ಇಟ್ಟುಕೊಳ್ಳುವುದು, ಕಂಪ್ರೆಸ್, ಕೊನೆಗೆ ಪೋಸ್ಟ್‌ರೊಟೇಟ್‌ನಲ್ಲಿ (ಫೈಲ್ ಬದಲಿಸಿದ ಮೇಲೆ ಮಾಡಬೇಕಾದ ಕೆಲಸ) 'ಸ್ಕ್ವಿಡ್ -ಕೆ ರೊಟೇಟ್', ಅಂದರೆ ಹೊಸ ಫೈಲ್ ತೆರೆ ಅಂತ ಸ್ಕ್ವಿಡ್‌ಗೆ ಹೇಳುವುದು. ಈ ಕೊನೆಯ ಸಾಲು ಬಿಟ್ಟರೆ ಸ್ಕ್ವಿಡ್ ಹಳೆಯ ಫೈಲಿಗೇ ಬರೆಯುತ್ತಾ ಹೋಗುತ್ತದೆ. ಸ್ಕ್ವಿಡ್‌ನ ಸೆಟ್ಟಿಂಗಿನಲ್ಲಿ 'ಲಾಗ್‌ಫೈಲ್_ರೊಟೇಟ್ 0' ಅಂತಲೂ ಹಾಕಿ. ಇಲ್ಲದಿದ್ದರೆ ಸ್ಕ್ವಿಡ್ ತಾನೂ ಫೈಲುಗಳ ಹೆಸರು ಬದಲಿಸಲು ಹೊರಟು ಎರಡೂ ಗೋಜಲಾಗುತ್ತದೆ.

ನನಗೆ ತುಂಬಾ ಹಿಡಿಸಿದ್ದು ಲಾಗ್‌ರೊಟೇಟ್‌ನ '-ಡಿ' ಆಯ್ಕೆ. ಯಾವ ಫೈಲನ್ನೂ ಮುಟ್ಟದೆ, ಏನು ಮಾಡಲಿದ್ದೇನೆ ಅಂತ ಸಾಲುಸಾಲಾಗಿ ಹೇಳುತ್ತದೆ. ಒಮ್ಮೆ ಕೈಸುಟ್ಟುಕೊಂಡವರಿಗೆ ಇದು ಎಷ್ಟು ಧೈರ್ಯ ಕೊಡುತ್ತದೆ ಗೊತ್ತಾ?

ಒಂದು ಕೊರತೆ ಇದೆ. 2 ಜಿಬಿ ದಾಟಿದರೆ ದಿನ ಮುಗಿಯುವ ಮೊದಲೇ ಫೈಲ್ ಬದಲಿಸಲಿ ಅಂತ 'ಮ್ಯಾಕ್ಸ್‌ಸೈಜ್ 2ಜಿ' ಬರೆದು ನೆಮ್ಮದಿಯಾಗಿದ್ದೆ. ಅಡ್ಮಿಷನ್ ದಿನಗಳಲ್ಲಿ ಮಧ್ಯಾಹ್ನವೇ ಫೈಲ್ 5 ಜಿಬಿ ದಾಟಿತ್ತು. ಲಾಗ್‌ರೊಟೇಟ್ ಫೈಲನ್ನು ಕಾಯುತ್ತಾ ಕೂರುವುದಿಲ್ಲ, ದಿನಕ್ಕೊಮ್ಮೆ ಎದ್ದು ನೋಡುತ್ತದೆ ಅಷ್ಟೇ. ಅದರ ಟೈಮರನ್ನು ಗಂಟೆಗೊಮ್ಮೆ ಅಂತ ಬದಲಿಸಿದ ಮೇಲೆ ಸರಿಹೋಯಿತು. ಮ್ಯಾನುಯಲ್‌ನಲ್ಲಿ ಇದು ಇನ್ನೂ ಎದ್ದು ಕಾಣುವಂತೆ ಇರಬೇಕಿತ್ತು.

ಈಗ 3 ಜಿಬಿ ಲಾಗ್ ಕಂಪ್ರೆಸ್ ಆಗಿ 300 ಎಂಬಿ ಆಸುಪಾಸಿಗೆ ಇಳಿಯುತ್ತದೆ. ಮೊನ್ನೆ ಪ್ರಿನ್ಸಿಪಾಲರು ಮೂರು ವಾರ ಹಿಂದಿನ ಒಂದು ದಾಖಲೆ ಕೇಳಿದರು. ಕಂಪ್ರೆಸ್ ಆದ ಫೈಲಿನೊಳಗೇ ಹುಡುಕುವ ಝಡ್‌ಗ್ರೆಪ್ ಕಮಾಂಡ್ ಕೊಟ್ಟೆ, ಫೈಲ್ ಬಿಚ್ಚದೆಯೇ ಸಿಕ್ಕಿತು.