ಕೈಹೊತ್ತಿಗೆ ಮುದ್ರಣಕ್ಕೆ ರಾಯಚೂರಿನ ಒಂದು ಡಿಟಿಪಿ ಅಂಗಡಿ

ಕೊರೊನಾ ಕಾಲದಲ್ಲಿ ಏಷ್ಯನ್ನರ ಮೇಲೆ ಹರಡಿದ ದ್ವೇಷದ ವಿರುದ್ಧ ಬರಹಗಾರರು ಒಟ್ಟಾಗಿ ತರುವ ಕೈಹೊತ್ತಿಗೆಯಂಥ ಸಣ್ಣ ಕೆಲಸಕ್ಕೆ ಸ್ಟೇಷನ್ ರಸ್ತೆಯ ಈ ಅಂಗಡಿ ಧಾರಾಳ ಸಾಕು. 16 ಪುಟಕ್ಕೆ ಎ4 ಹಾಳೆ ನಾಲ್ಕೇ; ನಡುವೆ ಮಡಚಿ ಎರಡು ಪಿನ್. ಪುಟಸಂಖ್ಯೆ ನಾಲ್ಕರಿಂದ ಭಾಗವಾಗದಿದ್ದರೆ ಕೊನೆಗೆ ಖಾಲಿ ಪುಟ ಉಳಿಯುತ್ತದೆ. 70 ಜಿಎಸ್‌ಎಂ (ಕಾಗದದ ತೂಕದ ಅಳತೆ) ಕಾಗದದಲ್ಲಿ ಹಿಂದಿನ ಅಕ್ಷರ ಇಣುಕುತ್ತದೆ, 80 ಕೇಳಿ. ಅಗ್ಗದ ಅಂಟಿನ ಬೈಂಡಿಂಗ್ ಅಂತೂ ನಮ್ಮ ಬಿಸಿಲಿಗೆ ಬಾಯಿ ಬಿಡುತ್ತದೆ.

ನಿಜವಾದ ತಲೆನೋವು ಅಕ್ಷರದ್ದು. 'ನುಡಿ' ಟೈಪಿಂಗ್ ತಂತ್ರಾಂಶದಿಂದ ಯೂನಿಕೋಡ್‌ಗೆ ಬದಲಿಸುವಾಗ ಅರ್ಕಾವತ್ತು ಜಾಗ ತಪ್ಪಿ 'ವರ್ಣ', 'ಮಾರ್ಚ್' ಕೆಡುತ್ತವೆ. ಅಂಗಡಿಯವರು ಕರಡು ತಿದ್ದುವುದಿಲ್ಲ (ತಿದ್ದಲಿ ಅನ್ನುವುದೂ ಅತಿಯಾಸೆಯೇ), ಮೊದಲು ಒಂದೇ ಪ್ರತಿ ತೆಗೆಸಿ ತಾರೀಖು ನೋಡಿಕೊಳ್ಳಿ: ಅಮೆರಿಕದ ಅಟ್ಲಾಂಟಾ ಗುಂಡಿನ ದಾಳಿ 2021ರ ಮಾರ್ಚ್ 16, ಸತ್ತ 8 ಜನರಲ್ಲಿ 6 ಮಂದಿ ಏಷ್ಯಾ ಮೂಲದ ಹೆಂಗಸರು; ಅಲ್ಲಿನ ಕೋವಿಡ್ ದ್ವೇಷಾಪರಾಧ ಕಾಯ್ದೆಗೆ ಸಹಿ ಬಿದ್ದದ್ದು ಅದೇ ವರ್ಷ ಮೇ 20.

ಮುಖಪುಟಕ್ಕೆ ಅವರ ಸಿದ್ಧ ವಿನ್ಯಾಸದಲ್ಲಿರುವ 'ಚೀನಾ ವೈರಸ್' ಚಿತ್ರ ತೆಗೆಸಿ. ರೋಗಕ್ಕೆ ಊರಿನ ಹೆಸರು ಬೇಡವೆಂದು ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲೇ ಹೇಳಿದೆ. ಈಶಾನ್ಯದ ಹುಡುಗರನ್ನು 'ಕೊರೊನಾ' ಎಂದು ಕರೆದವರು ನಮ್ಮ ದೇಶದಲ್ಲೂ ಇದ್ದರಲ್ಲ, ಖಾಲಿ ಪುಟ ಉಳಿದರೆ ಅದನ್ನು ಬರೆಯುವುದಕ್ಕೇ ಇರಲಿ.