ಶ್ರೀರಂಗಪಟ್ಟಣದಲ್ಲಿ ಹಳೇ ಮನೆ ನೋಡ್ತಿದ್ದೀರಾ? ಅಡ್ವಾನ್ಸ್ ಕೊಡಬೇಡಿ, ಮೊದಲು ಇದನ್ನು ಓದಿ

ಕೋಟೆ ಒಳಗೆ ಮನೆ ಕೊಳ್ಳುವ ಆಸೆ ಇರುವವರು ದಯವಿಟ್ಟು ಓದಿ. ನಾನು ಕೊಟ್ಟ 2 ಲಕ್ಷ ಅಡ್ವಾನ್ಸ್ ಇನ್ನೂ ಮನೆ ಯಜಮಾನರ ಹತ್ತಿರವೇ ಇದೆ. ಕೇಳಿದರೆ ನನಗೇ ದಬಾಯಿಸುತ್ತಾರೆ.

ಮೈಸೂರಲ್ಲಿ ಸೈಟಿನ ರೇಟು ಗೊತ್ತಲ್ವಾ. ಶ್ರೀರಂಗಪಟ್ಟಣದಲ್ಲಾದರೆ ಸುತ್ತ ಕಾವೇರಿ, ಹತ್ತಿರದಲ್ಲೇ ರೈಲು, ರಂಗನಾಥಸ್ವಾಮಿ ಗುಡಿಗೆ ನಡೆದೇ ಹೋಗಬಹುದು. ಕೆಳಗೆ ಅಪ್ಪ ಅಮ್ಮ, ಮೇಲೆ ಒಂದು ಮಹಡಿ ಎಬ್ಬಿಸಿ ನಾವು ಅಂತ ಲೆಕ್ಕ. ಇದನ್ನು ಬ್ರೋಕರ್‌ಗೂ ಹೇಳಿದ್ದೆ, ಮನೆ ಯಜಮಾನರಿಗೂ ಹೇಳಿದ್ದೆ. ಒಂದು ಸಲ ಅಲ್ಲ, ಹೋದಾಗಲೆಲ್ಲ ಹೇಳಿದ್ದೆ. "ಧಾರಾಳವಾಗಿ ಕಟ್ಕಳಿ ಸಾರ್, ಪಾಯ ಗಟ್ಟಿ ಐತೆ" ಅಂದರು. ತಾರಸಿಗೆ ಕರೆದುಕೊಂಡು ಹೋಗಿ, "ನೋಡಿ, ಕೋಟೆ ಗೋಡೆ ಹೆಂಗ್ ಕಾಣ್ತದೆ! ಮೈಸೂರಲ್ಲಿ ಸಿಕ್ತದಾ ಇದು?" ಅಂತ ಬೇರೆ.

ಇ-ಖಾತೆ ಇತ್ತು, ಇಸಿ (ಋಣಭಾರ ಪತ್ರ) ಕ್ಲೀನ್, ಕಂದಾಯ ಬಾಕಿ ಇಲ್ಲ. ಕರಾರು ಆಯಿತು, ದುಡ್ಡು ಕೊಟ್ಟೆ.

ಆಮೇಲೆ ಪ್ಲಾನ್ ಹಾಕಿಸಲು ಎಂಜಿನಿಯರ್‌ನ ಕರೆದುಕೊಂಡು ಹೋದೆ. ಅವರು ಟೇಪ್ ಕೂಡ ಬಿಚ್ಚಲಿಲ್ಲ. ಅದೇ ತಾರಸಿ ಮೇಲೆ ನಿಂತು, ಅದೇ ಗೋಡೆ ತೋರಿಸಿ, "ಸಾರ್, ಅದು ಇರೋವರೆಗೂ ಇಲ್ಲಿ ಮೇಲೆ ಒಂದು ಇಟ್ಟಿಗೆ ಇಡಂಗಿಲ್ಲ" ಅಂದರು. ಕೇಂದ್ರ ಪುರಾತತ್ವ ಇಲಾಖೆಯ ಸ್ಮಾರಕದ ಗಡಿಯಿಂದ 100 ಮೀಟರ್ ಒಳಗೆ ಹೊಸದಾಗಿ ಏನೂ ಕಟ್ಟುವಂತಿಲ್ಲ. ರಿಪೇರಿಗೂ ಅನುಮತಿ ಬೇಕು. ಅದರಾಚೆ ಇನ್ನೂ 200 ಮೀಟರ್‌ವರೆಗೆ ಅನುಮತಿ ಸಿಕ್ಕರೆ ಮಾತ್ರ ಕಟ್ಟಬಹುದು. 2010ರಿಂದ ಇದು ಕಾನೂನಿನಲ್ಲೇ ಇದೆ. ಮೀರಿ ಕಟ್ಟಿದರೆ 2 ವರ್ಷದವರೆಗೆ ಜೈಲು, ಇಲ್ಲ 1 ಲಕ್ಷದವರೆಗೆ ದಂಡ, ಇಲ್ಲ ಎರಡೂ. ಪಕ್ಕದಲ್ಲಿ ಬ್ರೋಕರ್ ಮೊಬೈಲ್ ನೋಡುತ್ತಾ ನಿಂತಿದ್ದ. ಅವನಿಗೆ ಇದು ಹೊಸ ಸುದ್ದಿಯೇ ಅಲ್ಲ! ಹೆಂಡತಿ ಮುಂದೆ, ಎಂಜಿನಿಯರ್ ಮುಂದೆ ನನ್ನ ಮುಖ ಎಲ್ಲಿಡಲಿ?

ಕೇಳಿದ್ದಕ್ಕೆ ಅವನ ಉತ್ತರ: "ಬುಡಿ ಸಾರ್, ಈ ಊರಲ್ಲಿ ಎಲ್ಲಿ ಕಲ್ಲು ಎಸೆದ್ರೂ ಸ್ಮಾರಕಕ್ಕೇ ಬೀಳ್ತದೆ. ಹಂಗಂತ ಯಾರೂ ಕಟ್ಟಿಲ್ವಾ?" ಕಟ್ಟಿದವರಿಗೆ ನೋಟಿಸ್ ಬಂದರೆ ಇವನು ಬರ್ತಾನಾ?

ಯಜಮಾನರದ್ದು ಇನ್ನೂ ಚೆನ್ನಾಗಿದೆ. "ಮನೆ ಮಾರ್ತೀನಿ ಅಂದೆ. ಮಹಡಿ ಮಾರ್ತೀನಿ ಅಂದ್ನಾ?" ಅಡ್ವಾನ್ಸ್ ವಾಪಸ್ ಕೇಳಿದರೆ, "ಮಾತಿಗೆ ತಪ್ಪಿದ್ದು ನೀವು. ನಾನು ಇವತ್ತೂ ರಿಜಿಸ್ಟ್ರಿಗೆ ರೆಡಿ." ಕೈ ಮುಗಿದು ನಗುನಗುತ್ತಾ ಹೇಳುತ್ತಾರೆ! ಈಗ ಫೋನೇ ಎತ್ತಲ್ಲ.

ಚಿಕ್ಕ ಊರು, ಎಲ್ಲರಿಗೂ ಎಲ್ಲವೂ ಗೊತ್ತು. ಮನೆ ನೋಡಲು ಹೋದಾಗಲೆಲ್ಲ ಮಾತಾಡಿಸಿದ ಎದುರುಮನೆಯವರು, "ಒಳ್ಳೇ ಮನೆ, ತಗೊಳ್ಳಿ" ಅಂದವರು, ಈಗ "ಅಯ್ಯೋ, ಅದು ಗೊತ್ತಿರೋದೇ ಅಲ್ವಾ" ಅಂತಾರೆ. ಹೊರಗಿನವನಿಗೆ ಮಾತ್ರ ಯಾರೂ ಹೇಳಲ್ಲ.

ಖಾತೆ, ಇಸಿ ಯಾವುದೂ ಈ ವಿಷಯ ಹೇಳಲ್ಲ. ಅದನ್ನೇ ನಂಬಿ ಸುಮ್ನೆ ದುಡ್ಡು ಕೊಡಬೇಡಿ. ಹತ್ತಿರ ಎಲ್ಲಾದರೂ ಪುರಾತತ್ವ ಇಲಾಖೆಯ ನೀಲಿ ಬೋರ್ಡ್ ಕಂಡರೆ ಆ ಇಲಾಖೆಯಲ್ಲೇ ವಿಚಾರಿಸಿ. "ಕಟ್ಟಲು ಅನುಮತಿ ಸಿಗದಿದ್ದರೆ ಅಡ್ವಾನ್ಸ್ ಪೂರ್ತಿ ವಾಪಸ್" ಅಂತ ಕರಾರಿನಲ್ಲೇ ಬರೆಸಿ. ಬರೆಯಲ್ಲ ಅಂದರೆ ಎದ್ದು ಬನ್ನಿ. ಅದೇ ಮನೆ ಈಗ ಮತ್ತೆ ಮಾರಾಟಕ್ಕಿದೆಯಂತೆ, ಅದೇ ಬ್ರೋಕರ್. ತಾರಸಿಯಿಂದ ಕೋಟೆ ತೋರಿಸಿದರೆ, ಅದೇ ಅಂತ ತಿಳ್ಕೊಳ್ಳಿ.